ನನ್ನ ಹೆರಿಗೆಗೆ ಕಾದಿದ್ದ ಹಲ್ಲುಗಳು

ಬಸುರಿಯ ಗಂಡ ತೆಂಗಿನಕಾಯಿ ಒಡೆಯಬಾರದು ಎನ್ನುವುದು ನಮ್ಮ ಕಡೆಯೂ ಇದೆ, ಆಂಧ್ರದಲ್ಲೂ ಇದೆ. ಕೂದಲು ಕತ್ತರಿಸಿಕೊಳ್ಳಬಾರದು, ಗಡ್ಡ ಬೋಳಿಸಬಾರದು, ಮನೆಗೆ ಪಾಯ ತೋಡಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು. ಮರ ಕಡಿಯಬಾರದು ಎಂದೂ ಕೆಲವರು ಸೇರಿಸುತ್ತಾರೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿರುವವನಿಗೆ ಕಡಿಯಲು ಮರ ಎಲ್ಲಿಂದ ಸಿಗಬೇಕು ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನ ಗಂಡಂದಿರಿಗೆ ಇದರಿಂದ ಏನೂ ತೊಂದರೆಯಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವನು ಒಂಬತ್ತು ತಿಂಗಳು ಕಾಯಿ ಒಡೆಯದಿದ್ದರೆ ಬ್ಯಾಂಕೇನೂ ಮುಳುಗುವುದಿಲ್ಲ. ಆದರೆ ನನ್ನ ಗಂಡ ಹಲ್ಲಿನ ಡಾಕ್ಟರು.

ನಾನು ಹುಬ್ಬಳ್ಳಿಯವಳು. ನನ್ನ ಅತ್ತೆ ಬಳ್ಳಾರಿಯಲ್ಲಿ ಹುಟ್ಟಿ, ಮದುವೆಯಾಗಿ ವಿಜಯವಾಡದ ತೆಲುಗು ಮನೆಗೆ ಬಂದವರು. ಈಗಲೂ ಅಲ್ಲೇ ಮಗಳ ಸಂಸಾರದ ಜೊತೆಗಿದ್ದಾರೆ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಅವರು ತೆಲುಗಿನಲ್ಲಿ ಮುಗಿಸುತ್ತಾರೆ, ಬೈಯುವಾಗ ಮಾತ್ರ ಪೂರ್ತಿ ಕನ್ನಡ. ನನ್ನ ಗಂಡನಿಗೆ ಕನ್ನಡ ಊಟಕ್ಕೆ ಮತ್ತು ಜಗಳಕ್ಕೆ ಸಾಲುವಷ್ಟು ಬರುತ್ತದೆ. ನಮ್ಮ ಮನೆ ಎರಡನೇ ಮಹಡಿಯಲ್ಲಿ, ಅವನ ಕ್ಲಿನಿಕ್ಕು ಅದೇ ಕಟ್ಟಡದ ಕೆಳಗೆ, ಒಂದು ಕೋಚಿಂಗ್ ಸೆಂಟರಿನ ಪಕ್ಕದಲ್ಲಿ. ಹಾಗಾಗಿ ಅವನ ಕೆಲಸಕ್ಕೂ ನಮ್ಮ ಸಂಸಾರಕ್ಕೂ ನಡುವೆ ಇದ್ದದ್ದು ಒಂದು ಲಿಫ್ಟು ಮಾತ್ರ, ಅದೂ ಆಗಾಗ ಕೆಡುತ್ತಿತ್ತು.

ನನಗೆ ನಾಲ್ಕು ತಿಂಗಳಾದಾಗ ಅತ್ತೆ ನನ್ನನ್ನು ನೋಡಲು ವಿಜಯವಾಡದಿಂದ ಬಂದರು. ಮೊದಲ ದಿನ ಊಟ ಬಡಿಸುತ್ತ ಮಗನನ್ನು ತೆಲುಗಿನಲ್ಲಿ ಮುದ್ದಾಗಿ ನಾನ್ನಾ ಎನ್ನುತ್ತ ಸುಮ್ಮನೆ ಕೇಳಿದರು, "ಇವತ್ತು ಕ್ಲಿನಿಕ್ಕಲ್ಲಿ ಏನ್ ಮಾಡ್ದೆ ನಾನ್ನಾ?"

"ಎರಡು ಹಲ್ಲು ಕಿತ್ತೆ ಅಮ್ಮಾ. ಒಂದು ಭಾಳ ಗಟ್ಟಿ ಇತ್ತು, ಬೇರು ಬಗ್ಗಿತ್ತು."

ಅತ್ತೆ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟರು. "ಕಿತ್ತೆಯಾ?"

"ಹೂಂ."

"ಬೇರು ಸಮೇತ?"

"ಬೇರು ಬಿಟ್ಟರೆ ಅದು ಕಿತ್ತಂಗೆ ಅಲ್ಲ ಕದಮ್ಮಾ."

"ಬಸುರಿ ಹೆಂಡ್ತಿನ ಮೇಲೆ ಕೂಡಿಸಿ, ಕೆಳಗೆ ನೀನು ಕಂಡೋರ ಬಾಯಿಂದ ಬೇರು ಸಮೇತ ಕೀಳ್ತಾ ಕೂತಿದೀಯಾ?" ಎಂದು ಅತ್ತೆ ಅಲ್ಲೇ ಕುರ್ಚಿ ಎಳೆದು ಕೂತರು. ಕಾಯಿ ಒಡೆಯುವುದೇ ತಪ್ಪು ಎಂದ ಮೇಲೆ ಹಲ್ಲು ಕೀಳುವುದು ಅದರ ಅಪ್ಪ. ಇನ್ನು ಹೆರಿಗೆಯಾಗುವ ತನಕ ಒಂದು ಹಲ್ಲನ್ನೂ ಕೀಳಕೂಡದು. ಮಾತು ಅಲ್ಲಿಗೆ ಮುಗಿಯಿತು, ಸಾರು ತಣ್ಣಗಾಯಿತು.

ಗಂಡ ನಕ್ಕು ತಳ್ಳಿಹಾಕುತ್ತಾನೆ ಎಂದುಕೊಂಡೆ. ಐದು ವರ್ಷ ಓದಿ, ಅದರ ಮೇಲೆ ಇನ್ನೂ ಓದಿ, ಗೋಡೆಯ ತುಂಬ ಸರ್ಟಿಫಿಕೇಟು ಹಾಕಿಕೊಂಡವನು. ಅವನು ನಗಲಿಲ್ಲ. ತಟ್ಟೆ ನೋಡುತ್ತ "ಸರೇ ಅಮ್ಮಾ" ಎಂದ. ಅವನು ಹಾಗೇಕೆ ಒಪ್ಪಿದ ಎಂಬುದು ನನಗೆ ಗೊತ್ತಿತ್ತು, ಅದಕ್ಕೆ ನಾನೂ ಸುಮ್ಮನಾದೆ. ಇದಕ್ಕೆ ಮೊದಲು ನನಗೆ ಒಂದು ಸಲ ನಿಂತಿತ್ತು. ಕೆಳಗಿನ ಕ್ಲಿನಿಕ್ಕು ಶುರುವಾದ ದಿನ ಪೂಜೆಯಲ್ಲಿ ಗಂಡ ಹೊಸ್ತಿಲ ಮುಂದೆ ಕಾಯಿ ಒಡೆದಿದ್ದ. ಅದಾದ ವಾರದೊಳಗೆ ನನಗೆ ರಕ್ತ ಕಂಡಿತು, ಮೂರನೇ ತಿಂಗಳಲ್ಲೇ ಹೋಯಿತು. ಲೇಡಿ ಡಾಕ್ಟರು, ಇದು ಎಷ್ಟೋ ಜನರಿಗೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಪೂಜೆಗೆ ಬಂದಿದ್ದ ಅತ್ತೆಯೂ ಸೇರಿ ನಾವು ಮೂವರೂ ತಲೆಯಾಡಿಸಿ ಮನೆಗೆ ಬಂದೆವು. ಆಮೇಲೆ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಈ ಸಲ ಮಗು ನಿಲ್ಲಬೇಕು, ಅಷ್ಟೇ ನಮಗೆಲ್ಲ ಬೇಕಾಗಿದ್ದದ್ದು.

ಅತ್ತೆ ವಿಜಯವಾಡಕ್ಕೆ ಮರಳಿದರು, ಆದರೆ ಫೋನಿನಲ್ಲಿ ತೀರ್ಪುಗಳು ಬರತೊಡಗಿದವು. ಹಲ್ಲು ಕ್ಲೀನು ಮಾಡಬಹುದೇ? ಮಾಡಬಹುದು, ಕಸ ಗುಡಿಸಿದ ಹಾಗೆ. ಹುಳುಕು ತುಂಬಿಸಬಹುದೇ? ಧಾರಾಳವಾಗಿ, ತುಂಬುವುದು ಶುಭ. ರೂಟ್ ಕೆನಾಲ್ ಬಗ್ಗೆ ಅತ್ತೆ ಎರಡು ದಿನ ಯೋಚನೆ ಮಾಡಿದರು. ಅದು ಗುಂಡಿ ತೋಡಿದ ಹಾಗೆ, ಪಾಯ ತೋಡಿದ ಹಾಗೆ, ಆದರೆ ಕೊನೆಗೆ ಮುಚ್ಚುತ್ತಾರಲ್ಲ. ಹಾಗಾದರೆ ಅದೇ ದಿನ ಮುಚ್ಚುವುದಾದರೆ ಪರವಾಗಿಲ್ಲ, ಬಾಯಿ ತೆರೆದು ಬಿಟ್ಟು ಮನೆಗೆ ಕಳಿಸಬಾರದು. ಮಕ್ಕಳ ಹಾಲುಹಲ್ಲು ಅಲ್ಲಾಡುತ್ತಿದ್ದರೆ? ಮಗು ತಾನೇ ಕಿತ್ತುಕೊಂಡರೆ ದೋಷವಿಲ್ಲ. ಹೀಗಾಗಿ ನನ್ನ ಗಂಡ, ಕುರ್ಚಿಯಲ್ಲಿ ಕೂತು ಅಳುವ ಆರು ವರ್ಷದ ಹುಡುಗಿಗೆ "ನೀನೇ ತಿರುಗಿಸು ಅಮ್ಮಾ, ಇನ್ನೂ ಸ್ವಲ್ಪ, ಹಾಂ" ಎಂದು ಅರ್ಧ ಗಂಟೆ ಹುರಿದುಂಬಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಆ ಹುಡುಗಿಯ ತಾಯಿ ಇಂಥ ಡಾಕ್ಟರನ್ನು ನೋಡೇ ಇಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು.

ಗಡ್ಡದ ಕಥೆ ಬೇರೆ. ಬೋಳಿಸುವುದಿರಲಿ, ಕತ್ತರಿಯನ್ನೂ ತಾಗಿಸಬಾರದಾಗಿದ್ದರಿಂದ ಅದು ಮಾಸ್ಕಿನ ಎರಡೂ ಕಡೆಯಿಂದ ಹೊರಗೆ ಬಂದಿತ್ತು. ಆಂಧ್ರದಲ್ಲಿ ಗಡ್ಡ ಬಿಟ್ಟು ಮುಖ ಸಪ್ಪೆ ಮಾಡಿಕೊಂಡ ಗಂಡಸನ್ನು ಕಂಡರೆ, ಶಬರಿಮಲೆಗೆ ಮಾಲೆ ಹಾಕಿದ್ದಾನೆ ಎಂದೇ ಜನ ತಿಳಿಯುತ್ತಾರೆ. ರೋಗಿಗಳು ಅವನನ್ನು "ಸ್ವಾಮಿ" ಎನ್ನತೊಡಗಿದರು. "ಸ್ವಾಮಿ, ಈ ಕಡೆ ಜುಂ ಅಂತದೆ ಸ್ವಾಮಿ" ಎಂದು ಬಾಯಿ ತೆರೆಯುವರು. ಇವನು ಮೊದಲ ಒಂದೆರಡು ದಿನ ಅಲ್ಲ ಎಂದು ಬಿಡಿಸಿ ಹೇಳಿದ. ಮಾಲೆಯಲ್ಲ, ಹೆಂಡತಿ ಬಸುರಿ ಎಂದು ವಿವರಿಸುವುದು ಇನ್ನೂ ಉದ್ದದ ಕೆಲಸವಾದ್ದರಿಂದ ಆಮೇಲೆ ಅವನೂ "ಬಾಯಿ ತೆರೀರಿ ಸ್ವಾಮಿ" ಎನ್ನುವುದಕ್ಕೆ ಶುರು ಮಾಡಿದ.

ಆದರೆ ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ಏನೋ ಒಂದು ಹೇಳಲೇಬೇಕಲ್ಲ. ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟು ಬರೆದುಕೊಳ್ಳುವ ಹೆಂಗಸಿಗೆ ಬಾಯಲ್ಲಿ ಮಾತು ನಿಲ್ಲದು. "ಸಾರ್ ಮನೇಲಿ ಮೇಡಂಗೆ ಐದನೇ ತಿಂಗಳು, ಹೆರಿಗೆ ಆದ ಮೇಲೆ ಬನ್ನಿ" ಎಂದು ಅವಳು ಎಲ್ಲರಿಗೂ ನಿಜವನ್ನೇ ಹೇಳಿ ಕಳಿಸುತ್ತಿದ್ದಳು. ಬೇರೆ ಊರಾಗಿದ್ದರೆ ಜನ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಹೋದವರೂ ಇದ್ದರು. ಆದರೆ ಬಹಳ ಜನ ತಲೆದೂಗಿದರು. ನಮ್ಮ ಡಾಕ್ಟರು ಸಂಪ್ರದಾಯಸ್ಥರು, ಕೈ ಶುದ್ಧ, ಕಾಯೋಣ ಎಂದರು. ನನಗೆ ಗೊತ್ತಿಲ್ಲದ ಹಾಗೆಯೇ ಕಾಲೋನಿಯ ಎಷ್ಟೋ ಹುಳುಕು ಹಲ್ಲುಗಳು ನನ್ನ ಹೆರಿಗೆಯ ದಾರಿ ಕಾಯತೊಡಗಿದವು.

ಅದು ಗೊತ್ತಾದದ್ದು ತಳ್ಳುಗಾಡಿಯವನ ಹತ್ತಿರ ಬೆಂಡೆಕಾಯಿ ಆರಿಸುವಾಗ. ಪಕ್ಕದ ಬೀದಿಯ ನಿವೃತ್ತ ಮೇಷ್ಟರು ಒಬ್ಬರು ಬಂದು ನನ್ನ ಕೈಚೀಲ ಇಸಿದುಕೊಂಡರು. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದರು.

"ಭಾರ ಎತ್ತಬಾರದಮ್ಮಾ. ಎಷ್ಟನೇ ತಿಂಗಳು?" ಎಂದರು ತೆಲುಗಿನಲ್ಲಿ.

"ಐದು ತುಂಬ್ತಾ ಇದೆ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. "ಸಂಕ್ರಾಂತಿ ಆಗಿಬಿಡುತ್ತದಲ್ಲ ಹಾಗಾದರೆ. ನನ್ನದು ಮೇಲಿನ ದವಡೆ, ಅಲ್ಲಾಡುತ್ತಿದೆ. ಸಂಕ್ರಾಂತಿಗೆ ಅರಿಸೆಲು ತಿನ್ನೋ ಹಾಗಿಲ್ಲ. ಕೆಲವರಿಗೆ ಎಂಟಕ್ಕೇ ಆಗುತ್ತದೆ ಅಲ್ಲವಾ?"

ಒಬ್ಬ ಗಂಡಸು ತನ್ನ ಅಕ್ಕಿ ಬೆಲ್ಲದ ಕಜ್ಜಾಯಕ್ಕಾಗಿ ನನಗೆ ಎಂಟು ತಿಂಗಳಿಗೇ ಹೆರಿಗೆಯಾಗಲಿ ಎಂದು ಬಯಸುತ್ತಿದ್ದಾನೆ. ನನಗೆ ಸಿಟ್ಟು ಬಂತು, ನಗುವೂ ಬಂತು. ಮಾರನೆಯ ದಿನದಿಂದ ಅವರು ನನಗೆ ಸೀಬೆಹಣ್ಣು ತಂದುಕೊಡತೊಡಗಿದರು. ಅವರನ್ನು ನೋಡಿ ಇನ್ನೊಬ್ಬಾಕೆ ಎಳನೀರು. ಕೋಚಿಂಗ್ ಸೆಂಟರಿನ ಹುಡುಗಿಯೊಬ್ಬಳು ಬುದ್ಧಿಹಲ್ಲು ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತು, ನಾನು ಇಳಿಯುವಾಗ ಹೊಟ್ಟೆಯನ್ನೇ ನೋಡುತ್ತಿದ್ದಳು, ಬಸ್ ಬರುತ್ತಿದೆಯೇ ಎಂದು ನೋಡುವ ಹಾಗೆ. ಇಷ್ಟು ಜನರ ದವಡೆಯ ಜವಾಬ್ದಾರಿ ಹೊತ್ತ ಬಸುರಿ ಆಂಧ್ರದಲ್ಲಿ ಇನ್ನೊಬ್ಬಳಿರಲಾರಳು.

ಈ ನಡುವೆ ನನ್ನದೇ ಹಲ್ಲು ಕೈಕೊಟ್ಟಿತು. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ತುಂಬಿಸಿದ ಸಿಮೆಂಟು ಇತ್ತು. ಮೊದಲ ತಿಂಗಳುಗಳಲ್ಲಿ ನನಗೆ ವಾಂತಿಯೋ ವಾಂತಿ. ಪೇಸ್ಟಿನ ವಾಸನೆಗೇ ಹೊಟ್ಟೆ ತೊಳಸುತ್ತಿದ್ದರಿಂದ ಬ್ರಷ್ಷು ಮುಟ್ಟುತ್ತಿರಲಿಲ್ಲ. ಗಂಡ ಹೇಳಿಕೊಟ್ಟಿದ್ದ: ವಾಂತಿಯಾದ ಕೂಡಲೇ ತಿಕ್ಕಬೇಡ, ಹೊಟ್ಟೆಯ ಹುಳಿ ಹಲ್ಲನ್ನು ಮೆತ್ತಗೆ ಮಾಡಿರುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸು, ಅರ್ಧ ಗಂಟೆ ಬಿಟ್ಟು ತಿಕ್ಕು. ಒಸಡು ಊದಿ ರಕ್ತ ಬಂದಾಗಲೂ, ಬಸಿರಿನಲ್ಲಿ ಹೀಗಾಗುತ್ತದೆ, ಹೆದರಿ ತಿಕ್ಕುವುದನ್ನು ಬಿಟ್ಟರೆ ಹೆಚ್ಚಾಗುತ್ತದೆ ಎಂದು ತಾನೇ ಕ್ಲೀನು ಮಾಡಿದ. ಎಲ್ಲ ಸರಿಯೇ. ಆದರೆ ಆ ಹಳೆಯ ಸಿಮೆಂಟು ಒಂದು ದಿನ ಕಳಚಿ ಬಿತ್ತು, ಒಳಗೆ ಹಲ್ಲು ಬುಡದವರೆಗೆ ಸೀಳಿತ್ತು.

ಗಂಡ ಬ್ಯಾಟರಿ ಹಿಡಿದು ನೋಡಿದ. ನೋಡಿ ಬ್ಯಾಟರಿ ಆರಿಸಿದ.

"ಇದನ್ನ ಉಳಿಸೋಕೆ ಬರಲ್ಲ. ತೆಗೀಬೇಕು."

"ತೆಗೀರಿ ಮತ್ತ," ಎಂದೆ.

ಅವನು ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡ.

"ನನ್ನ ಹಲ್ಲ ತೆಗಿಯಾಕೂ ದೋಷ ಐತೇನ್ರಿ? ಇದು ಹಲ್ಲ ಅದ, ತೆಂಗಿನಕಾಯಿ ಅಲ್ಲ."

"ಸ್ವಲ್ಪ ಓಪಿಕೆ, ತಾಳ್ಮೆ ಇಟ್ಕೋ. ತಾತ್ಕಾಲಿಕ ತುಂಬಿಸ್ತೀನಿ. ಅಮ್ಮಂಗೆ ಕೇಳೋಣ."

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ನನ್ನ ಗಂಡ ಊರಿಗೂ ಉಪಕಾರಿಯಾಗಿ ಉಳಿದಿರಲಿಲ್ಲ. ಅಮ್ಮನಿಗೆ ಕೇಳಿದ. ಅತ್ತೆ, ಕಂಡವರ ಹಲ್ಲೇ ಬೇಡ ಅಂದ ಮೇಲೆ ಬಸುರಿಯ ಬಾಯಿಂದಲೇ ಕೀಳುತ್ತೀಯಾ ಎಂದರು. ನನ್ನ ಕಡೆಗೆ ಫೋನು ಬಂತು. "ಅಮ್ಮಾಯ್, ಒಂದು ಕೂಸಿಗೆ ಒಂದು ಹಲ್ಲು ಅಂತ ನಮ್ಮಮ್ಮ ಅಂತಿದ್ಲು. ನಾನು ಎರಡು ಹೆತ್ತೆ, ಎರಡು ಕಳಕೊಂಡೆ. ತಾನಾಗೇ ಬೀಳ್ತೈತೆ. ಲವಂಗ ಕಚ್ಚಿಕೋ." ಕೂಸು ತಾಯಿಯ ಹಲ್ಲಿನ ಸುಣ್ಣ ಹೀರುತ್ತದೆ ಎಂಬುದು ಸುಳ್ಳು, ಹಲ್ಲು ಹಾಳಾಗುವುದು ಹಲ್ಲನ್ನು ನೋಡಿಕೊಳ್ಳದೆ ಎಂದು ಗಂಡ ಎಷ್ಟೋ ಸಲ ರೋಗಿಗಳಿಗೆ ಹೇಳುವುದನ್ನು ಕೇಳಿದ್ದೆ. ಆವತ್ತು ಅವನು ಪಕ್ಕದಲ್ಲೇ ಕೂತು ತಲೆ ಕೆರೆದುಕೊಳ್ಳುತ್ತಿದ್ದ.

ಲೇಡಿ ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಬಸಿರಿನಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂದು ಯಾರು ಹೇಳಿದ್ದು, ಈ ನಡುವಿನ ತಿಂಗಳುಗಳೇ ಅದಕ್ಕೆ ಒಳ್ಳೆಯ ಸಮಯ, ಮರಗಟ್ಟಿಸುವ ಇಂಜೆಕ್ಷನ್ನಿನಿಂದ ಮಗುವಿಗೆ ಏನೂ ಆಗುವುದಿಲ್ಲ, ಕೀವು ಒಳಗಿಟ್ಟುಕೊಂಡರೆ ಮಾತ್ರ ಮಗುವಿಗೂ ತಾಯಿಗೂ ಅಪಾಯ ಎಂದರು. ಕೊನೆಗೆ "ಒಬ್ಬ ಒಳ್ಳೇ ಡೆಂಟಿಸ್ಟನ್ನ ನೋಡಿ" ಎಂದರು. ನನ್ನ ಗಂಡ ಗಡ್ಡ ಸವರಿಕೊಳ್ಳುತ್ತ "ನೋಡ್ತೀವಿ ಮೇಡಂ" ಎಂದ. ಅವನೂ ಡೆಂಟಿಸ್ಟೇ ಎಂದು ಅವರಿಗೆ ನಾವು ಹೇಳಲಿಲ್ಲ.

ಹೀಗೆ ಮುಂದೂಡುತ್ತ, ಮಾತ್ರೆ ನುಂಗುತ್ತ, ಸೀಮಂತದ ದಿನ ಹತ್ತಿರ ಬಂತು. ಏಳನೇ ತಿಂಗಳು ಹತ್ತಿದ ಕೂಡಲೇ ವಿಜಯವಾಡದಲ್ಲಿ ಮಾಡುವುದೆಂದು ಅತ್ತೆ ಗೊತ್ತು ಮಾಡಿದ್ದರು. ನಾವು ಹತ್ತಬೇಕಿದ್ದ ರೈಲು ವಿಶಾಖಪಟ್ಟಣಕ್ಕೆ ಬಾರದೆ ಊರ ಹೊರಗಿನ ದುವ್ವಾಡದಲ್ಲೇ ನಿಂತು ಹೋಗುವಂಥದ್ದು. ಅಲ್ಲಿಯವರೆಗೆ ಕಾರಿನಲ್ಲಿ ಹೋಗಿ, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತೆ. ನೋವು ಆಗಲೇ ಕಿವಿಯವರೆಗೆ ಏರಿತ್ತು. ಪಕ್ಕದಲ್ಲಿ ಗಂಡ ಬಿಸಿನೀರು, ಉಪ್ಪು, ಲವಂಗದ ಎಣ್ಣೆ, ಹತ್ತಿ, ಎಲ್ಲ ಇಟ್ಟುಕೊಂಡು ಕೂತಿದ್ದ. ಹೋಗಿಬರುವವರು ಆ ಗಡ್ಡ, ಆ ಸಾಮಾನು ನೋಡಿ ಗೌರವದಿಂದ ದಾರಿ ಬಿಟ್ಟರು.

ಸೀಮಂತದ ಬೆಳಿಗ್ಗೆ ನನ್ನ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಅತ್ತೆ ಮಂಗಳಗಿರಿಗೆ ತಾವೇ ಹೋಗಿ ತಂದಿದ್ದ ಹಸಿರು ಸೀರೆ ಉಡಿಸಿದರು, ಮೊಣಕೈವರೆಗೆ ಬಳೆ ಏರಿಸಿದರು. ಬಂದ ಹೆಂಗಸರೆಲ್ಲ ನನ್ನ ಮುಖ ನೋಡಿ ಎಷ್ಟು ಕಳೆ ಬಂದಿದೆ ಎಂದರು. ಒಂದೇ ಕೆನ್ನೆಗೆ ಕಳೆ ಬಂದದ್ದೇಕೆ ಎಂದು ಯಾರೋ ಕೇಳಿದಾಗ, ಒಬ್ಬ ಅಜ್ಜಿ, ಎಡಗಡೆ ತುಂಬಿದರೆ ಹೆಣ್ಣು ಎಂದು ಖಚಿತವಾಗಿ ಹೇಳಿದರು. ಕೂಡಲೇ ಅಲ್ಲೇ ವಾದ ಶುರುವಾಯಿತು. ನನ್ನ ನಾದಿನಿ ಅಜ್ಜಿಯ ಪರ, ಉಳಿದವರು ವಿರುದ್ಧ, ನನ್ನ ಕೀವಿನ ಮೇಲೆ ಎರಡು ಪಕ್ಷಗಳಾದವು. ಫೋಟೋದವನು ಬಲಗಡೆಯಿಂದಲೇ ತೆಗೆಯುತ್ತಿದ್ದ. ಉಡಿ ತುಂಬಿದರು, ಆರತಿ ಎತ್ತಿದರು, ಬಾಯಿಗೆ ಪುಳಿಹೋರ ಇಟ್ಟರು, ಆಮೇಲೆ ಚಕ್ಕುಲಿ. ಬಲಗಡೆಯಲ್ಲೇ ಕಡಿಯುತ್ತಿದ್ದೆ, ಆದರೂ ಒಂದು ಚೂರು ಎಡಗಡೆಗೆ ಹೋಯಿತು.

ಕಟ್ ಎಂದ ಸದ್ದು ನನಗೆ ಕೇಳಿಸಿತು. ಆಮೇಲೆ ನನಗೆ ನೆನಪಿರುವುದು, ನಾನು ಅತ್ತೆಯ ತೋಳನ್ನು ಬಳೆಗಳ ಸಮೇತ ಹಿಡಿದುಕೊಂಡದ್ದು. ಎರಡು ಬಳೆ ಒಡೆದವು. ಸೀಮಂತದಲ್ಲಿ ಬಳೆ ಒಡೆಯುವುದು ಅಪಶಕುನ, ಹೆಂಗಸರು ಆತುರದಿಂದ ಚೂರು ಆರಿಸಿದರು. ಅತ್ತೆ ನನ್ನ ಹಣೆ ಮುಟ್ಟಿ ನೋಡಿ ಮಗನನ್ನು ಕರೆದರು. ಜ್ವರ ಬಂದಿತ್ತು.

ಗಂಡ ಲೇಡಿ ಡಾಕ್ಟರಿಗೆ ಫೋನು ಮಾಡಿದ. ಜ್ವರ ಎಂದ ಕೂಡಲೇ ಅವರ ದನಿ ಬದಲಾಯಿತು. ಫೋನು ಸ್ಪೀಕರಿನಲ್ಲಿತ್ತು, ಅತ್ತೆಯೂ ಕೇಳಿದರು: ಇನ್ನು ಬರೀ ಮಾತ್ರೆಯಿಂದ ಆಗುವುದಿಲ್ಲ, ಈಗಲೇ ಒಂದು ಡೋಸು ಆಂಟಿಬಯೋಟಿಕ್ ನುಂಗಿ, ಇವತ್ತೇ ಹಲ್ಲು ತೆಗೆಸಿ, ಕೀವು ಹರಡಿದರೆ ಹೆರಿಗೆ ನೋವು ಬೇಗ ಶುರುವಾಗಬಹುದು, ಮಗು ಇನ್ನೂ ಬಹಳ ಚಿಕ್ಕದು. ಅತ್ತೆ ಗೋಡೆಗೆ ಒರಗಿ ನಿಂತರು.

ವಿಜಯವಾಡದಲ್ಲಿ ಗಂಡನ ಜೊತೆ ಓದಿದವನೊಬ್ಬ ದೊಡ್ಡ ಕ್ಲಿನಿಕ್ಕು ಇಟ್ಟಿದ್ದ. ಭಾನುವಾರವಾದರೂ ಬಾಗಿಲು ತೆಗೆದ. ಮೊದಲು ಫೋಟೋ ಬೇಕೆಂದು, ಮಂಗಳಗಿರಿ ಸೀರೆಯ ಮೇಲೆ ಸೀಸದ ಏಪ್ರನ್ನು ಹೊದಿಸಿ ಎಕ್ಸರೇ ತೆಗೆದ. ಸೀಮಂತಕ್ಕೆ ಅಷ್ಟು ಭಾರದ ಉಡುಗೊರೆ ಬೇರೆ ಯಾರೂ ಹಾಕಿರಲಿಲ್ಲ. ಎಕ್ಸರೇ ನೋಡಿ, ನನ್ನ ಹೊಟ್ಟೆ ನೋಡಿ, ನನ್ನ ಗಂಡನ ಕಡೆ ತಿರುಗಿದ.

"ಏನಿದೆ ಇದರಲ್ಲಿ? ಹತ್ತು ನಿಮಿಷದ ಕೆಲಸ. ನೀನೇ ಯಾಕೆ ಮಾಡಲಿಲ್ಲ?"

"ಮಣಿಕಟ್ಟು ಉಳುಕಿದೆ," ಎಂದ ನನ್ನ ಗಂಡ.

"ಇಷ್ಟು ಕೀವು ತುಂಬೋ ತನಕ ಉಳುಕಿಯೇ ಇತ್ತಾ?"

ಗಂಡ ಮಣಿಕಟ್ಟು ನೀವಿಕೊಂಡ. ಸ್ನೇಹಿತ ಮತ್ತೆ ಎಕ್ಸರೇಯನ್ನು ಬೆಳಕಿಗೆ ಹಿಡಿದ, ಅದರಲ್ಲಿ ಮೊದಲು ಕಾಣದ ಏನೋ ಇರಬೇಕೆಂಬಂತೆ. ಕಾಲೇಜಿನಲ್ಲಿ ಇವನ ಕೈಯಷ್ಟು ನಂಬಿಕೆಯ ಕೈ ಯಾರದೂ ಇರಲಿಲ್ಲವಂತೆ. ಅಂಥವನು ಸ್ವಂತ ಹೆಂಡತಿಯ ಹಲ್ಲು ಮುಟ್ಟಲು ಹೆದರಿ ಇಷ್ಟು ದೂರ ಕರೆತಂದಿದ್ದಾನೆ ಎಂದರೆ, ಇದರಲ್ಲಿ ತನಗೆ ತಿಳಿಯದ ಅಪಾಯ ಏನೋ ಇದೆ. ನಾಳೆ ಏನಾದರೂ ಆದರೆ ಯಾರು ಹೊಣೆ? ತಾನು ಮುಟ್ಟುವುದಿಲ್ಲ. ಕುರ್ಚಿ ಇದೆ, ಸಾಮಾನು ಇದೆ, ಔಷಧ ಇದೆ, ನೀನೇ ಮಾಡು ಎಂದು ಅವನು ಹೊರಗಿನ ಕೋಣೆಗೆ ಹೋಗಿ ಕೂತುಬಿಟ್ಟ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ನಾನು ಕುರ್ಚಿಯಲ್ಲಿ ಅಂಗಾತ ಮಲಗಿ ಅರ್ಥ ಮಾಡಿಕೊಂಡೆ. ಒಂದು ಹಲ್ಲು, ಎರಡು ಡೆಂಟಿಸ್ಟರು, ಇಬ್ಬರೂ ಕೈಕಟ್ಟಿ ನಿಂತಿದ್ದಾರೆ.

"ನನಗ ಇನ್ನ ತಡಿಯಾಕ ಆಗೂದಿಲ್ಲ," ಎಂದೆ. "ಯಾರರ ಮಾಡ್ರಿ. ಇಲ್ಲಾಂದ್ರ ಇಕ್ಕಳ ಕೊಡ್ರಿ, ನಾನ ಕಿತ್ಕೋತೀನಿ."

ಗಂಡ ಕೈ ತೊಳೆದುಕೊಂಡು ಬಂದ. ಹೊಟ್ಟೆಯ ಭಾರ ರಕ್ತನಾಳದ ಮೇಲೆ ಬೀಳದಂತೆ ನನ್ನ ಬಲಸೊಂಟದ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎಡಕ್ಕೆ ವಾಲಿಸಿದ. ಇಂಜೆಕ್ಷನ್ನು ಕೊಟ್ಟ, ಅದಕ್ಕೆ ದೋಷವಿರಲಿಲ್ಲ. ತುಟಿ, ಅರ್ಧ ನಾಲಿಗೆ, ಗಲ್ಲ ಮರಗಟ್ಟಿದವು. ಹಲ್ಲನ್ನು ಸುತ್ತಲಿಂದ ಮೆಲ್ಲಗೆ ಸಡಿಲ ಮಾಡಿದ. ಸಡಿಲ ಮಾಡುವುದು ಕೀಳುವುದಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿರಬೇಕು. ಆಮೇಲೆ ಇಕ್ಕಳ ಎತ್ತಿಕೊಂಡ, ಹಲ್ಲಿಗೆ ಸಿಕ್ಕಿಸಿದ. ಮತ್ತೆ ತೆಗೆದು ಟ್ರೇಯಲ್ಲಿಟ್ಟ. ಅಮ್ಮನಿಗೆ ಹೆದರಿ ಅಲ್ಲ, ಅವನಿಗೇ ಹೆದರಿಕೆ. ಇಷ್ಟು ದಿನ ಸಂಪ್ರದಾಯ ಎಂದು ಅಮ್ಮನ ತಲೆಗೆ ಕಟ್ಟಿ ಅವನು ತನ್ನ ಭಯವನ್ನು ಸಾಕುತ್ತಿದ್ದ.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಒಳಗೆ ಬಂದರು. ಬೇಸಿನ್ನಿನಲ್ಲಿ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಡಬ್ಬಿಯಿಂದ ತಾವೇ ಎರಡು ಗ್ಲೌಸು ಎಳೆದುಕೊಂಡರು. ಬಳೆಗಳ ಮೇಲೆ ಗ್ಲೌಸು ಏರಲಿಲ್ಲ, ಅರ್ಧಕ್ಕೇ ಬಿಟ್ಟರು.

"ಬಸುರಿ ಗಂಡ ಗುಡೀಲಿ ಏನ್ ಮಾಡ್ತಾನೆ? ಕಾಯಿ ಮುಟ್ಟಿ ಇನ್ನೊಬ್ರ ಕೈಗೆ ಕೊಡ್ತಾನೆ. ಅವ್ರು ಹೊಡೀತಾರೆ. ಕೊಡು ಇಲ್ಲಿ."

"ಅಮ್ಮಾ, ಇದು ಹಲ್ಲು."

"ಹಲ್ಲೇ. ನನ್ನ ಕೈ ಮೇಲೆ ನಿನ್ನ ಕೈ ಇಡು. ಹೆಂಗೆ ತಿರುಗಿಸ್ಬೇಕೋ ನೀನು ತಿರುಗಿಸು, ಕೀಳೋಳು ನಾನು. ದೋಷ ಐತೆ ಅಂದ್ರೆ ನನಗೆ ಬರ್ಲಿ."

ಗಂಡ ಅಲ್ಲಾಡಲಿಲ್ಲ. ಅತ್ತೆಯ ದನಿ ಇಳಿಯಿತು.

"ಹೋದ ಸಲ ಕಾಯಿ ನಿನ್ನ ಕೈಗೆ ಕೊಟ್ಟೋಳು ನಾನೇ ಕದಾ. ಇವಳಿಗೆ ನಿಂತೈತೆ ಅಂತ ನನಗೆ ಗೊತ್ತಿತ್ತು, ನೀವು ಹೇಳಿರ್ಲಿಲ್ಲ, ಮುಖ ನೋಡಿ ತಿಳ್ಕೊಂಡಿದ್ದೆ. ಜನ ಎಲ್ಲಾ ನೋಡ್ತಿದ್ರು. ಡಾಕ್ಟ್ರೇ ಹೊಡೆದ್ರೆ ಚೆಂದ ಅಂತ ಕೊಟ್ಟೆ. ನೀನೇನೂ ಮಾಡ್ಲಿಲ್ಲ ನಾನ್ನಾ."

ಎರಡು ವರ್ಷ ಅವರು ಇದನ್ನು ಇಟ್ಟುಕೊಂಡಿದ್ದರು. ಹೋದದ್ದು ಕಾಯಿಯಿಂದಲ್ಲ ಅತ್ತೀ, ಯಾರಿಂದಲೂ ಅಲ್ಲ ಎಂದು ನನಗೆ ಹೇಳಬೇಕಾಗಿತ್ತು. ಬಾಯಿ ತೆರೆದಿತ್ತು, ತುಂಬ ಹತ್ತಿ, ನಾಲಿಗೆ ಮರಗಟ್ಟಿತ್ತು. ಆ, ಆ ಎಂದೆ. ಗಂಡ ಅದನ್ನು ನೋವೆಂದು ತಿಳಿದು ಇನ್ನೊಂದು ಇಂಜೆಕ್ಷನ್ನು ಕೊಟ್ಟ.

ಆಮೇಲೆ ಇಕ್ಕಳದ ಮೇಲೆ ಅತ್ತೆಯ ಕೈ ಬಂತು, ಅದರ ಮೇಲೆ ಅವನ ಕೈ. ಅವನು "ಹೊರಗಡೆಗೆ, ಮೆಲ್ಲಗೆ, ಈಗ ಒಳಗೆ" ಎನ್ನುತ್ತಿದ್ದ. ಅತ್ತೆ ಹಲ್ಲುಕಚ್ಚಿ ಏನೋ ದೇವರ ಹೆಸರು ಹೇಳುತ್ತಿದ್ದರು. ಅವರ ಬಳೆಗಳು ನನ್ನ ಗಲ್ಲಕ್ಕೆ ತಾಗಿ ಗಿಲಿಗಿಲಿ ಅನ್ನುತ್ತಿದ್ದವು. ಹಲ್ಲು ಬಂತು. ಬುಡ ಸಮೇತ ಪೂರ್ತಿ ಬಂತು, ಹಿಂದೆಯೇ ಕೀವು, ಬಾಯಿ ತುಂಬ ಕೆಟ್ಟ ರುಚಿ. ಗಂಡ ತೊಳೆದು, ಹತ್ತಿ ಇಟ್ಟು, ಗಟ್ಟಿಯಾಗಿ ಕಚ್ಚಿಕೋ ಎಂದ.

ಅತ್ತೆ ಹಲ್ಲನ್ನು ನೋಡಲೇ ಇಲ್ಲ. ಗ್ಲೌಸು ಕಿತ್ತೆಸೆದು ಎರಡೂ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು.

"ಕದಲ್ತಿಲ್ಲ," ಎಂದರು.

"ಮಲಗಿರುತ್ತೆ ಅಮ್ಮಾ. ಗಾಬರಿ ಪಡಬೇಡ," ಎಂದ ಗಂಡ. ಹೇಳಿ ಅವನೂ ಕೈ ಇಟ್ಟ. ಅವನ ಮುಖ ಗಡ್ಡದೊಳಗೆ ಬಿಳಚಿಕೊಂಡಿತ್ತು. ನಾನೂ ಕೈ ಇಟ್ಟೆ. ಬೆಳಗ್ಗೆ ಆರತಿ ಎತ್ತುವಾಗ ಒದ್ದದ್ದು ನೆನಪಿತ್ತು, ಆಮೇಲೆ ಒದ್ದಿತ್ತೇ, ನೋವಿನಲ್ಲಿ ಗಮನಿಸಿರಲಿಲ್ಲ. ಹಲ್ಲು ಹೋದರೆ ಹೋಗಲಿ, ಬಾಯಲ್ಲಿರುವ ಎಲ್ಲ ಹಲ್ಲೂ ಹೋಗಲಿ, ಒಂದು ಸಲ ಅಲ್ಲಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೊರಗಿನ ಕೋಣೆಯಲ್ಲಿ ಸ್ನೇಹಿತ ಫೋನಿನಲ್ಲಿ ಏನನ್ನೋ ನೋಡಿ ನಗುತ್ತಿದ್ದ. ಅತ್ತೆ ಬಾಗಿಲ ಕಡೆ ತಿರುಗಿ "ಏಯ್, ಸುಮ್ನಿರು" ಎಂದರು.

ಎಷ್ಟು ಹೊತ್ತಾಯಿತೋ. ಬಲಗಡೆ, ಪಕ್ಕೆಲುಬಿನ ಕೆಳಗೆ, ಸರಿಯಾಗಿ ಅತ್ತೆಯ ಅಂಗೈಯೊಳಗೆ ಮಗು ಒದೆಯಿತು. ನಿಂತು ಇನ್ನೊಂದು ಸಲ ಒದೆಯಿತು.

ಅತ್ತೆ ಕೈ ತೆಗೆಯದೆ ಡಾಕ್ಟರ ಸ್ಟೂಲಿನ ಮೇಲೆ ಕುಸಿದು ಕೂತು, ನನ್ನ ಸೀರೆಯ ನೆರಿಗೆಗೆ ಮುಖ ಒತ್ತಿ ಜೋರಾಗಿ ಅಳತೊಡಗಿದರು. ಆ ಅಳು ಈ ಕೂಸಿಗಾಗಿ ಅಲ್ಲ ಎಂದು ನಮಗಿಬ್ಬರಿಗೂ ಗೊತ್ತಾಯಿತು. ಮೊದಲನೆಯದು ಹೋದಾಗ ನಮ್ಮ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಗಂಡ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡ. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನಾನೂ ಅಳುವುದಕ್ಕೆ ಶುರು ಮಾಡಿದೆ.